ಏನೂ ಕಾಣಲಿಲ್ಲ ಎಂದು ಬರೆದಿಟ್ಟವರು

(ಉಡುಪಿಯಲ್ಲಿ ನೌಕಾಪಡೆಯ ನಿವೃತ್ತರು ಮತ್ತು ಅವರ ಮನೆಯವರು ಸೇರಿದ್ದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)

ನನ್ನ ಅಪ್ಪ ಮಲ್ಪೆಯಲ್ಲಿ ತಾಂಡೇಲರಾಗಿದ್ದರು, ಅಂದರೆ ಮೀನುಗಾರಿಕೆ ಬೋಟಿನ ಮುಖ್ಯಸ್ಥರು. ಕೊಂಕಣ ರೈಲು ಬರುವ ಮೊದಲಿನ ಮಾತು. ಗೋವಾದಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಮನೆ ತಲುಪಿದರೆ ಅಮ್ಮ ಮೈ ಸವರಿ ಸಣಕಲಾಗಿದ್ದೀ ಅನ್ನುತ್ತಿದ್ದಳು. ಅಪ್ಪ ಬಲೆ ಹೊಲಿಯುತ್ತಿದ್ದಲ್ಲಿಂದ ತಲೆ ಎತ್ತದೆ ಕೇಳುತ್ತಿದ್ದರು, ‘ದಾದ ತೂಯ?’ ಏನು ನೋಡಿದೆ? ನಾನು ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಉತ್ತರ, ‘ದಾಲ ಇಜ್ಜಿ.’ ಏನೂ ಇಲ್ಲ. ಗುಟ್ಟು ಕಾಪಾಡಬೇಕೆಂದು ಹಾಗೆ ಹೇಳುತ್ತಿದ್ದೇನೆ ಎಂದು ಅಮ್ಮ ತಿಳಿದಿದ್ದಳು. ಅಪ್ಪನಿಗೆ ಗೊತ್ತಿತ್ತು, ಅದು ನಿಜವಾದ ಉತ್ತರ ಎಂದು. ಅವರು ಮುಂದಕ್ಕೆ ಕೇಳುತ್ತಿದ್ದರು, ‘ಎಲ್ಲಿ ಇಲ್ಲ?’

ಆ ಎರಡನೇ ಪ್ರಶ್ನೆಯ ಬೆಲೆ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಿಮ್ಮಲ್ಲಿ ಹೆಚ್ಚಿನವರು ಹಡಗಿನಲ್ಲಿ ಇದ್ದವರು. ನಾನು 1980ರಲ್ಲಿ ಒಡಿಶಾದ ಚಿಲ್ಕಾದಲ್ಲಿ ತರಬೇತಿಗೆ ಸೇರಿ, ಆಮೇಲೆ ಗೋವಾದಲ್ಲಿರುವ ನೌಕಾಪಡೆಯ ವಿಮಾನ ನೆಲೆಯಾದ ಐಎನ್‌ಎಸ್ ಹಂಸದಲ್ಲಿ ಐಎಲ್-38 ಎಂಬ ಕಡಲ ಕಾವಲು ವಿಮಾನದಲ್ಲಿ ಕೆಲಸ ಮಾಡಿದವನು. 2001ರಲ್ಲಿ ಮನೆಗೆ ಬಂದೆ. ಈಗ ಕೆಲವು ವರ್ಷಗಳಿಂದ ಮುಲ್ಕಿಯಿಂದ ಬೈಂದೂರಿನವರೆಗೆ, ಇಂಥ ವಿಮಾನಗಳಲ್ಲಿ ಹಾರಿದವರ, ಅದನ್ನು ಹಾರಲು ಅಣಿ ಮಾಡಿದವರ ಮನೆ ಹುಡುಕಿಕೊಂಡು ಹೋಗಿ, ಫೋನಿನಲ್ಲಿ ಅವರ ಮಾತು ತುಂಬಿಸಿಕೊಳ್ಳುತ್ತಿದ್ದೇನೆ. ಹನ್ನೊಂದು ಮಂದಿ ಸಿಕ್ಕಿದ್ದಾರೆ. ಅವರಲ್ಲಿ ಇಬ್ಬರು ಈಗಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ, ಹೇಳಬಾರದ ಕೆಲಸದ ವಿಷಯವನ್ನೂ ಹೇಳುವುದಿಲ್ಲ. ಆ ಶಿಸ್ತು ಪಿಂಚಣಿ ಬಂದ ಮೇಲೂ ಬಿಡುವಂಥದ್ದಲ್ಲ.

ಎಲ್ಲರಿಗಿಂತ ಹಿರಿಯರು ಕಾಪು ಕಡೆಯವರು. ಅಲಿಜೆ ವಿಮಾನದಲ್ಲಿ ಇದ್ದವರು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ವಾಣಿಜ್ಯ ಮಾರುತ ಎಂದು ಅರ್ಥ. ಗಾಳಿಯ ಹೆಸರಿನ ವಿಮಾನ. ಮುಂದೆ ಒಂದೇ ಎಂಜಿನ್, ಒಳಗೆ ಮೂರು ಜನ, ಹೊಟ್ಟೆಯಡಿ ಕೆಳಕ್ಕೆ ಇಳಿಸಿ ಮೇಲಕ್ಕೆ ಎಳೆದುಕೊಳ್ಳುವ ರಾಡಾರ್ ಗುಮ್ಮಟ. 1961ರಲ್ಲಿ ಫ್ರಾನ್ಸಿನಲ್ಲೇ ಆ ವಿಮಾನಗಳ ತುಕಡಿ, 310ನೇ ಸ್ಕ್ವಾಡ್ರನ್ ಹುಟ್ಟಿದ್ದು. ವಿಮಾನಗಳನ್ನು ಹೊರುವ ವಿಕ್ರಾಂತ್ ಹಡಗಿನ ಡೆಕ್ಕಿನಿಂದ ಉಗಿಯ ಬಲದಲ್ಲಿ ಅದನ್ನು ಕವಣೆ ಕಲ್ಲಿನ ಹಾಗೆ ಮುಂದಕ್ಕೆ ಎಸೆಯುತ್ತಿದ್ದರು. 1971ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಹಗಲು ಯುದ್ಧವಿಮಾನಗಳಾದ ಸೀ ಹಾಕ್‌ಗಳು ದಾಳಿಗೆ ಹೋಗುತ್ತಿದ್ದವು, ರಾತ್ರಿಯ ಪಾಳಿ ಅಲಿಜೆಯದ್ದು. ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲಿನ ದಾಳಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಆ ಹಿರಿಯರು ನನಗೆ ಹೇಳಿದ್ದು ಬೇರೆ.

‘ಮಾರಾಯ, ನನಗೆ ನೆನಪಿರುವುದು ಕತ್ತಲೆ’ ಅಂದರು. ಯುದ್ಧದ ಸಮಯ, ಹಡಗಿನಲ್ಲಿ ಒಂದು ದೀಪವಿಲ್ಲ. ಮೇಲೆ ಹೋದ ಮೇಲೆ ಆಕಾಶ ಯಾವುದು, ಕಡಲು ಯಾವುದು ಗೊತ್ತಾಗುವುದಿಲ್ಲ. ಬಂದರುಗಳಿಂದ ತಪ್ಪಿಸಿಕೊಂಡು ಹೋಗುವ ಹಡಗುಗಳಿಗೆ ಕಾವಲು. ಎರಡು ಗಂಟೆ, ಮೂರು ಗಂಟೆ ರಾಡಾರ್ ಪರದೆಯಲ್ಲಿ ಮುಖ ಹುಗಿದು ಕೂತು, ಇಷ್ಟು ಹೊತ್ತಿಗೆ ಇಲ್ಲಿ ಹಡಗಿಲ್ಲ, ಇಷ್ಟು ಹೊತ್ತಿಗೆ ಅಲ್ಲಿ ಹಡಗಿಲ್ಲ ಎಂದು ಪೆನ್ಸಿಲಿನಲ್ಲಿ ಬರೆಯುವುದು. ವಾಪಸ್ ಬಂದು ಆ ಕತ್ತಲೆಯಲ್ಲಿ ಡೆಕ್ಕಿನ ತಂತಿಗೆ ಕೊಕ್ಕೆ ಸಿಕ್ಕಿಸಿ ಇಳಿಯಬೇಕು. ಕೊಕ್ಕೆ ತಂತಿಗೆ ಸಿಕ್ಕಿ ಮೈ ಮುಂದಕ್ಕೆ ಜಗ್ಗಿದಾಗ ಆಗುವ ಸಮಾಧಾನ ಮದುವೆಯ ದಿನವೂ ಆಗಲಿಲ್ಲವಂತೆ. ಅವರ ಹೆಂಡತಿ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಆ ಯುದ್ಧದಲ್ಲಿ ಪಶ್ಚಿಮದ ಕಡೆಗೆ ಹೋದ ಒಂದು ಅಲಿಜೆ ಮರಳಿ ಬರಲಿಲ್ಲ. ಅದರಲ್ಲೂ ಮೂರು ಜನ. ಆ ಮಾತು ಬಂದಾಗ ಹಿರಿಯರು ಎದ್ದು ಒಳಗೆ ಹೋದರು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

ಆಮೇಲಿನದ್ದು ಸೂಪರ್ ಕಾನ್‌ಸ್ಟಲೇಶನ್. ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು, ವಾಯುಪಡೆಗೆ ಹೋಗಿ, 1976ರಲ್ಲಿ ನೌಕಾಪಡೆಯ ಕೈಗೆ ಬಂದ ವಿಮಾನ. ಬಾಲದಲ್ಲಿ ಮೂರು ರೆಕ್ಕೆ. ಇದರ ಮೆಕ್ಯಾನಿಕ್ ಒಬ್ಬರು ಮೂಡುಬಿದಿರೆ ಹತ್ತಿರ ಇದ್ದಾರೆ. ನಾಲ್ಕು ಎಂಜಿನ್, ಒಂದೊಂದರಲ್ಲಿ 18 ಸಿಲಿಂಡರ್, ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಒಟ್ಟು 144 ಪ್ಲಗ್. ಆ ಲೆಕ್ಕವನ್ನು ಅವರು ಬೆರಳು ಮಡಿಸಿ ಹೇಳುವಾಗ ಮುಖದಲ್ಲಿ ಹದಿನೆಂಟರ ಹುಡುಗ ಕಾಣುತ್ತಾನೆ. ‘ನಾವು ಹಾರಲಿಲ್ಲ, ನಮ್ಮ ನೆನಪು ನಿಮಗೆ ಯಾಕೆ?’ ಎಂದು ಮೊದಲು ಕೇಳಿದ್ದರು. ಬೆಳಿಗ್ಗೆ ನಾಲ್ಕು ಗಂಟೆಗೆ ಪ್ಲಗ್ ಬದಲಿಸಿದವರು ಇಲ್ಲದಿದ್ದರೆ ಆರು ಗಂಟೆಗೆ ಹಾರುವವರು ಯಾರು?

ಇನ್ನು ನನ್ನ ವಿಮಾನ. 1977ರ ಅಕ್ಟೋಬರ್ 1ರಂದು ಗೋವಾದಲ್ಲಿ 315ನೇ ಸ್ಕ್ವಾಡ್ರನ್ ಶುರುವಾಯಿತು. ಮೊದಲು ಮೂರು, ಆಮೇಲೆ ಇನ್ನೆರಡು, ಒಟ್ಟು ಐದೇ ವಿಮಾನ. ಸೋವಿಯತ್ ದೇಶದಲ್ಲಿ ಮಾಡಿದ್ದು. ಒಳಗೆ ಎಲ್ಲ ಬರಹ ರಷ್ಯನ್ ಅಕ್ಷರದಲ್ಲಿ. ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷಿಗೇ ಒದ್ದಾಡಿದ ನನ್ನಂಥವನು ಸ್ವಿಚ್ಚಿನ ಕೆಳಗಿನ ಆ ಅಕ್ಷರಗಳನ್ನು ದೇವರ ಹೆಸರಿನ ಹಾಗೆ ಬಾಯಿಪಾಠ ಮಾಡಿದ್ದೇನೆ. ಹಿಂದೆ ಬಾಲದಿಂದ ಉದ್ದಕ್ಕೆ ಚಾಚಿದ ಒಂದು ಕೋಲು. ಕೆಳಗೆ ಸಬ್‌ಮೆರೀನಿನಂಥ ದೊಡ್ಡ ಕಬ್ಬಿಣದ ರಾಶಿ ಇದ್ದರೆ ಭೂಮಿಯ ಅಯಸ್ಕಾಂತ ಶಕ್ತಿಯಲ್ಲಿ ಆಗುವ ಸಣ್ಣ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ. ಆದರೆ ತೀರ ಕೆಳಗೆ, ಅಲೆಗಳ ಮೇಲೇ ಹಾರಬೇಕು. ಹಾಗೆ ಹಾರಿ ಬಂದ ವಿಮಾನಕ್ಕೆ ಉಪ್ಪು ಹತ್ತಿರುತ್ತದೆ. ಇಳಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಕಡಲಿಂದ ಬಂದ ಅಪ್ಪನಿಗೆ ಅಮ್ಮ ಬಾವಿಕಟ್ಟೆಯಲ್ಲಿ ನೀರು ಹೊಯ್ಯುತ್ತಿದ್ದದ್ದು ನನಗೆ ಪ್ರತಿ ಸಲ ನೆನಪಾಗುತ್ತಿತ್ತು.

ನನ್ನ ಕೆಲಸ ಕೇಳುವುದು. ಅದಕ್ಕೆ ಬಳಸುವ ಸಾಧನವನ್ನು ಸೋನೋಬಾಯ್ ಅನ್ನುತ್ತಾರೆ. ವಿಮಾನದಿಂದ ಕೆಳಗೆ ಹಾಕಿದರೆ ಪುಟ್ಟ ಪ್ಯಾರಾಶೂಟಿನಲ್ಲಿ ಇಳಿದು ನೀರಿನ ಮೇಲೆ ತೇಲುತ್ತದೆ, ಕೆಳಕ್ಕೆ ಒಂದು ಕಿವಿಯನ್ನು ಇಳಿಬಿಡುತ್ತದೆ, ಕೇಳಿದ್ದನ್ನು ರೇಡಿಯೋದಲ್ಲಿ ನಮಗೆ ಕಳಿಸುತ್ತದೆ. ಗಾಳಿಗಿಂತ ನೀರಿನಲ್ಲಿ ಸದ್ದು ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ, ಸೆಕೆಂಡಿಗೆ ಸುಮಾರು 1500 ಮೀಟರ್. ಕಡಲೊಳಗೆ ಮೌನ ಇದೆ ಎಂದು ಯಾರು ಹೇಳಿದರು? ಸಿಗಡಿಗಳಲ್ಲಿ ಒಂದು ಜಾತಿ ಇದೆ, ಕೊಂಡಿಯನ್ನು ಟಪ್ ಎಂದು ಬಡಿಯುತ್ತದೆ. ಸಾವಿರಾರು ಸೇರಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಮಳೆ ಬಿದ್ದರೆ ಹಂಚಿನ ಮೇಲೆ ದೋಸೆ ಹಿಟ್ಟು ಹೊಯ್ದ ಸದ್ದು. ತಿಮಿಂಗಿಲದ ಕೂಗನ್ನು ಮೊದಲ ಸಲ ಕೇಳಿದಾಗ ಬರೆಯಬೇಕಾದ ಕೈ ಹಾಗೇ ನಿಂತಿತ್ತು. ಹಡಗಿನ ಸದ್ದಿನಲ್ಲಿ ಪ್ರಾಪೆಲ್ಲರಿಗೆ ಎಷ್ಟು ಎಲೆ ಎಂದು ಎಣಿಸಬಹುದು. ಮೀನುಗಾರಿಕೆ ಬೋಟಿನ ಡೀಸೆಲ್ ಎಂಜಿನ್ ನನಗೆ ಯಂತ್ರ ನೋಡದೆಯೂ ತಿಳಿಯುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ಸದ್ದಲ್ಲವೇ ಅದು!

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಡಲಿನಲ್ಲಿ ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನ ಕೇಳುವುದಿಲ್ಲ. ಗಾಳಿ ಕಡಿಮೆ ಇರುವ ದಿನ ಬಿಸಿಲಿಗೆ ಮೇಲಿನ ಕೆಲವು ಮೀಟರ್ ನೀರು ಕಾದು, ಕೆಳಗಿನದ್ದು ತಣ್ಣಗೇ ಉಳಿಯುತ್ತದೆ. ಸದ್ದು ತಣ್ಣನೆಯ ಕಡೆಗೆ ಬಾಗುತ್ತದೆ. ಮೇಲೆ ಇರುವ ಕಿವಿಗೆ ಸಿಗಬೇಕಾದದ್ದು ಆಳಕ್ಕೆ ಇಳಿದು ಹೋಗುತ್ತದೆ. ಬೇರೆ ಬೇರೆ ದೇಶದ ನೌಕಾಪಡೆಗಳು ಇದನ್ನು ಮಧ್ಯಾಹ್ನದ ಪರಿಣಾಮ ಎಂದೇ ಗುರುತಿಸಿದ್ದವು. ಸಬ್‌ಮೆರೀನಿನವರಿಗೂ ಇದು ಗೊತ್ತು, ಆ ಪದರದ ಕೆಳಗೆ ಅಡಗುತ್ತಾರೆ. ಆದ್ದರಿಂದ ‘ಏನೂ ಕೇಳಿಸಲಿಲ್ಲ’ ಎಂದು ಬರೆದರೆ ಸಾಲದು. ಎಷ್ಟು ಗಂಟೆಗೆ ಕೇಳಿಸಲಿಲ್ಲ, ನೀರಿನ ಬಿಸಿ ಎಷ್ಟಿತ್ತು, ಕಿವಿ ಎಷ್ಟು ಆಳದಲ್ಲಿತ್ತು, ಎಲ್ಲ ಬರೆಯಬೇಕು. ಅಂಥ ಇಲ್ಲ ಮಾತ್ರ ಮರುದಿನ ಹಾರುವವನಿಗೆ ಉಪಯೋಗಕ್ಕೆ ಬರುತ್ತದೆ.

ಅಪ್ಪನ ಪ್ರಶ್ನೆ ನನಗೆ ಆಗ ಹೊಳೆಯಿತು. ಬಂಗುಡೆ ಸಿಕ್ಕಿದ ಜಾಗ ಇಡೀ ಬಂದರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ಯಾವ ಗಾಳಿಗೆ, ಯಾವ ನೀರಿಗೆ, ಎಷ್ಟು ಮಾರು ಆಳದಲ್ಲಿ ಬಲೆ ಖಾಲಿ ಬಂತು ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡವನು ತಾಂಡೇಲ. ಅಪ್ಪ ಓದು ಬರಹ ಕಲಿತವರಲ್ಲ. ಮೂವತ್ತು ವರ್ಷಗಳ ಖಾಲಿ ಬಲೆಗಳ ಲೆಕ್ಕ ಅವರ ಬಾಯಲ್ಲಿತ್ತು. ನಾನು ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಈಗ ಮನೆ ಮನೆ ತಿರುಗುವುದಕ್ಕೆ ಅದೂ ಒಂದು ಕಾರಣ.

ಕೇಳುವವರು ಸಾಮಾನ್ಯವಾಗಿ ಬಯಸುವ ಕಥೆ 1988ರದ್ದು. ಹೇಳಿಬಿಡುತ್ತೇನೆ. ನವೆಂಬರ್ 3ರಂದು ಮಾಲ್ಡೀವ್ಸಿನಲ್ಲಿ ಬಾಡಿಗೆ ಬಂಟರು ದಂಗೆ ಎದ್ದರು, ನಮ್ಮ ಪಡೆ ಹೋಗಿ ಇಳಿಯಿತು, ದಂಗೆಕೋರರು ಒತ್ತೆಯಾಳುಗಳನ್ನು ತುಂಬಿಕೊಂಡು ಪ್ರೋಗ್ರೆಸ್ ಲೈಟ್ ಎಂಬ ಹಡಗಿನಲ್ಲಿ ಓಡಿದರು. ಕಾವಲು ವಿಮಾನಗಳು ಅದನ್ನು ಕಡಲಲ್ಲಿ ಪತ್ತೆ ಮಾಡಿ, ಕಣ್ಣು ತಪ್ಪದಂತೆ ಹಿಂದೆ ಬಿದ್ದವು. 6ನೇ ತಾರೀಕು ಗೋದಾವರಿ, ಬೇತ್ವಾ ಹಡಗುಗಳು ಅದನ್ನು ತಡೆದು ನಿಲ್ಲಿಸಿದವು. ಆ ದಿನಗಳಲ್ಲಿ ಹಾರಿದ ಕುಂದಾಪುರದ ಗೆಳೆಯರೊಬ್ಬರು ಹೇಳಿದ್ದನ್ನು ಮಾತ್ರ ಸೇರಿಸುತ್ತೇನೆ. ಒಂದು ವಿಮಾನದ ಎಣ್ಣೆ ಮುಗಿಯುತ್ತ ಬಂದಾಗ ಮುಂದಿನ ವಿಮಾನ ಬಂದು, ಆ ಚುಕ್ಕಿ ನಮಗೂ ಕಾಣುತ್ತಿದೆ ಎಂದು ಹೇಳುವವರೆಗೆ ಇವರು ಜಾಗ ಬಿಡುವಂತಿಲ್ಲ. ಕೈಯಿಂದ ಕೈಗೆ ಎಳೆಮಗುವನ್ನು ದಾಟಿಸಿದ ಹಾಗೆ ಆ ಚುಕ್ಕಿಯನ್ನು ದಾಟಿಸಿದರು. ಇಂಥ ಮೂರು ದಿನಗಳು ಬರುತ್ತವೆ ಎಂದು ಉಳಿದ ಸಾವಿರ ದಿನ ಹಾರುವುದು.

ಅದೇ ವರ್ಷ ಟಿಯು-142 ಎಂಬ ಇನ್ನೊಂದು ಕಾವಲು ವಿಮಾನ ಬಂತು. ಎಂಟು ವಿಮಾನ, ಮೊದಲು ಗೋವಾದಲ್ಲಿ, 1992ರಿಂದ ತಮಿಳುನಾಡಿನ ಅರಕ್ಕೋಣಂನಲ್ಲಿ. ನಾಲ್ಕು ಎಂಜಿನ್, ಒಂದೊಂದರ ಮುಂದೆ ಎರಡೆರಡು ಪ್ರಾಪೆಲ್ಲರ್, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಆ ಸದ್ದಿಗೆ ಎದೆಯೊಳಗಿನ ಗೂಡು ನಡುಗುತ್ತದೆ. ಅದರಲ್ಲಿ ಹಾರಿದ ಒಬ್ಬರ ಮನೆಗೆ ಹೋದಾಗ ಅವರು ಇಡೀ ಹೊತ್ತು ಗಟ್ಟಿಯಾಗಿ ಮಾತಾಡುತ್ತಿದ್ದರು. ಸೊಸೆ ಕಾಫಿ ತಂದವಳು ಹೇಳಿದಳು, ‘ಮಾವ ಜಗಳ ಮಾಡುತ್ತಿಲ್ಲ, ಅವರು ಮಾತಾಡುವುದೇ ಹಾಗೆ.’ ನನ್ನ ಎಡಗಿವಿಯೂ ಅರ್ಧ ಹೋಗಿದೆ. ಕೇಳುವುದನ್ನೇ ಕೆಲಸ ಮಾಡಿಕೊಂಡ ನಮಗೆ ಕಿವಿಯೇ ಮೊದಲು ಕೈಕೊಟ್ಟಿತು. ಇಲ್ಲಿರುವ ಹೆಂಡತಿಯರಿಗೆ, ಮಕ್ಕಳಿಗೆ ಕೈಮುಗಿದು ಹೇಳುತ್ತೇನೆ, ಎರಡನೇ ಸಲ ಹೇಳಬೇಕಾಗಿ ಬಂದಾಗ ದಯವಿಟ್ಟು ಬೇಸರ ಪಡಬೇಡಿ. ಆ ವಿಮಾನಗಳು 29 ವರ್ಷ ಒಂದೂ ಅಪಘಾತವಿಲ್ಲದೆ ಹಾರಿ 2017ರ ಮಾರ್ಚಿನಲ್ಲಿ ನಿವೃತ್ತವಾದವು. ಒಂದನ್ನು ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಜನ ಒಳಗೆ ಹೋಗಿ ನೋಡುವಂತೆ ಇಟ್ಟಿದ್ದಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ.

ನನ್ನ ಸ್ಕ್ವಾಡ್ರನಿಗೆ ಆ ಭಾಗ್ಯ ಇರಲಿಲ್ಲ. 2002ರ ಅಕ್ಟೋಬರ್ 1, ಇಪ್ಪತ್ತೈದು ವರ್ಷ ತುಂಬಿದ ದಿನ. ಗೋವಾದ ದಾಬೋಲಿಮ್ ಬಳಿ ಜೊತೆಯಾಗಿ ಹಾರುತ್ತಿದ್ದ ಎರಡು ಐಎಲ್-38 ಒಂದಕ್ಕೊಂದು ತಾಗಿದವು. ಎರಡರಲ್ಲೂ ಸೇರಿ 12 ಮಂದಿ ಹೋದರು. ಕೆಳಗೆ ತಮ್ಮ ಪಾಡಿಗೆ ಇದ್ದ ಜನರೂ ಸತ್ತರು. ನಾನು ಆಗ ಊರಿನಲ್ಲಿದ್ದೆ. ಐದು ವಿಮಾನಗಳ ಸ್ಕ್ವಾಡ್ರನ್ ಅಂದರೆ ಒಂದು ಕೂಡುಕುಟುಂಬ, ಪ್ರತಿಯೊಬ್ಬನ ನಡಿಗೆಯ ಸದ್ದೂ ಗೊತ್ತಿರುತ್ತದೆ. ಫೋನು ಮಾಡಿದವನು ಒಂದೊಂದೇ ಹೆಸರು ಹೇಳುತ್ತ ಹೋದ. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ನನ್ನಿಂದ ಆಗದು.

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. 2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ಬೋಟು ಮಲ್ಪೆಯಿಂದ ಹೊರಟಿತು, 7 ಜನ ಮೀನುಗಾರರು. ಎರಡು ದಿನದ ಮೇಲೆ ಸಂಪರ್ಕ ಕಡಿಯಿತು. ನೌಕಾಪಡೆ, ಕೋಸ್ಟ್ ಗಾರ್ಡಿನ ಹಡಗುಗಳೂ ವಿಮಾನಗಳೂ ಹುಡುಕಿದವು. ದಿನ ಕಳೆದ ಹಾಗೆ ಬಂದರಿನಲ್ಲಿ ಜನ ನನ್ನನ್ನು ತಡೆದು ಕೇಳತೊಡಗಿದರು. ‘ಅಣ್ಣಾ, ನೀವು ವಿಮಾನದಲ್ಲಿ ಇದ್ದವರು. ಅಷ್ಟು ದೊಡ್ಡ ಬೋಟು ಮೇಲಿಂದ ಕಾಣುವುದಿಲ್ಲವಾ?’ ಕೋಪದಿಂದ ಕೇಳಿದವರಿದ್ದರು, ಅಳುತ್ತ ಕೇಳಿದವರಿದ್ದರು. ಇಪ್ಪತ್ತು ವರ್ಷದ ನನ್ನ ಕೆಲಸವನ್ನು ನನ್ನ ಊರು ಮೊದಲ ಸಲ ವಿಚಾರಿಸಿದ್ದು ಹಾಗೆ.

ನಾನು ಕೊಟ್ಟ ಉತ್ತರವನ್ನು ನಿಮಗೂ ಹೇಳುತ್ತೇನೆ. ಮೇಲಿಂದ ನೋಡಿದರೆ ನೀರಿನಲ್ಲಿರುವ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟು. ಗಾಳಿ ಎದ್ದರೆ ಕಡಲ ತುಂಬ ಬಿಳಿ ನೊರೆ, ಪ್ರತಿ ನೊರೆಯೂ ಒಂದು ಬಿಳಿ ಅಂಗಿ. ಬಿಸಿಲಿನ ಕಡೆಯ ಕಿಟಕಿಯಲ್ಲಿ ಕೂತವನಿಗೆ ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ, ಅದಕ್ಕೆ ಜಾಗ ಬದಲಿಸುತ್ತ ಇರುತ್ತೇವೆ. ಹುಡುಕುವುದು ಗದ್ದೆ ಉತ್ತ ಹಾಗೆ, ಸಾಲಿನ ಪಕ್ಕ ಸಾಲು, ನಡುವೆ ಉಳುಮೆಯಾಗದ ನೆಲ ಉಳಿಯಬಾರದು. ಆದರೆ ಈ ಗದ್ದೆ ಬೆಳೆಯುತ್ತ ಹೋಗುತ್ತದೆ. ನೀರು ಗಂಟೆಗೆ ಒಂದು ನಾಟಿಕಲ್ ಮೈಲು ಯಾವ ದಿಕ್ಕಿಗಾದರೂ ಒಯ್ಯಬಹುದು ಎಂದುಕೊಳ್ಳಿ. ಹತ್ತು ಗಂಟೆ ಕಳೆದರೆ ಹುಡುಕಬೇಕಾದದ್ದು ಸುಮಾರು 314 ಚದರ ಮೈಲು. ಇಪ್ಪತ್ತು ಗಂಟೆ ಕಳೆದರೆ 1250ಕ್ಕೂ ಹೆಚ್ಚು. ಹೊತ್ತು ಎರಡು ಪಟ್ಟಾದರೆ ಕಡಲು ನಾಲ್ಕು ಪಟ್ಟಾಗುತ್ತದೆ. ಎಲ್ಲಿಂದ ಹೊರಟು ಹುಡುಕಬೇಕು ಎಂಬ ಮೊದಲ ಚುಕ್ಕಿಯೇ ಗಟ್ಟಿಯಿಲ್ಲದಿದ್ದರೆ ಈ ಲೆಕ್ಕವೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಬೋಟು ತೇಲುತ್ತಿದ್ದರೆ. ಮುಳುಗಿದ್ದರೆ? ರಾಡಾರ್ ನೀರಿನೊಳಗೆ ಹೋಗುವುದಿಲ್ಲ. ಸೋನೋಬಾಯ್ ಸದ್ದು ಮಾಡುವುದನ್ನು ಹುಡುಕುತ್ತದೆ, ನಿಂತುಹೋದ ಎಂಜಿನ್ ಮಾತಾಡುವುದಿಲ್ಲ. ಬಾಲದ ಕೋಲು ಸಾವಿರಾರು ಟನ್ ಕಬ್ಬಿಣಕ್ಕೆಂದು ಮಾಡಿದ್ದು. ಈ ಮಾತನ್ನು ಬಂದರಿನಲ್ಲಿ, ಮನೆಯವರು ಇನ್ನೂ ಬಾಗಿಲು ನೋಡುತ್ತಿದ್ದಾಗ ಹೇಳುವುದು ಹೇಗೆ? ಕೆಲವರಿಗೆ ಹೇಳಿದೆ. ಕೆಲವರ ಮುಂದೆ ಸುಮ್ಮನೆ ನಿಂತೆ. ಸುಮ್ಮನೆ ನಿಂತದ್ದು ಸರಿಯೋ ಎಂದು ಈಗಲೂ ಯೋಚಿಸುತ್ತೇನೆ.

2019ರ ಮೇ 1ರಂದು ಸುದ್ದಿ ಬಂತು. ಮಹಾರಾಷ್ಟ್ರದ ಮಾಲ್ವಣ್ ತೀರದಿಂದ 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ, ನೌಕಾಪಡೆಯ ನಿರೀಕ್ಷಕ್ ಹಡಗು ಬೋಟಿನ ಅವಶೇಷವನ್ನು ಗುರುತಿಸಿತ್ತು. ನಾಲ್ಕೂವರೆ ತಿಂಗಳು. ಸೋನಾರ್, ಅಂದರೆ ಸದ್ದು ಕಳಿಸಿ ಮಾರ್ದನಿಯಿಂದ ಹುಡುಕುವ ಯಂತ್ರ, ಇರುವ ಹಡಗು ತಳವನ್ನು ಅಡಿ ಅಡಿಯಾಗಿ ಸವರಬೇಕಾಯಿತು. ಮೇಲೆ ವಿಮಾನಗಳು ಏನೂ ಕಾಣಲಿಲ್ಲ ಎಂದು ಬರೆದ ದಿನಗಳಿದ್ದವಲ್ಲ, ಅವು ವ್ಯರ್ಥ ಎಂದು ನನಗೆ ಅನ್ನಿಸುವುದಿಲ್ಲ. ಬೋಟು ನೀರಿನ ಮೇಲೆ ಎಲ್ಲೂ ಇಲ್ಲ ಎಂದಾಗದೆ ಕೆಳಗೆ ಹುಡುಕುವ ನಿರ್ಧಾರಕ್ಕೆ ಬರಲಾಗುವುದಿಲ್ಲ. ಆದರೆ ಆ ಇಲ್ಲವನ್ನು ಪ್ರತಿ ಸಂಜೆ ಬಂದರಿನ ಜನರಿಗೆ ಅವರ ಭಾಷೆಯಲ್ಲಿ ಯಾರಾದರೂ ಹೇಳಬೇಕಿತ್ತು. ಇಂದು ಇಷ್ಟು ಕಡಲು ನೋಡಿದೆವು, ಇಲ್ಲಿಂದ ಇಲ್ಲಿಯವರೆಗೆ, ಇಷ್ಟು ಎತ್ತರದಿಂದ, ಕಾಣಲಿಲ್ಲ ಎಂದು. ಹಾಗೆ ಹೇಳಿದ್ದರೆ ಎದೆಯ ಭಾರ ಕಡಿಮೆಯಾಗುತ್ತಿತ್ತು ಎನ್ನುವುದಿಲ್ಲ. ನಮ್ಮವರನ್ನು ಹುಡುಕುತ್ತಿದ್ದಾರೆ ಎಂಬುದಾದರೂ ಗೊತ್ತಾಗುತ್ತಿತ್ತು.

ಎರಡು ವರ್ಷದ ಮೇಲೆ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ. ಕಾಪು ಕಡಲಿನಲ್ಲಿ ಕೋರಮಂಡಲ್ ಸಪೋರ್ಟರ್ ಎಂಬ ಟಗ್, ಅಂದರೆ ಹಡಗು ಎಳೆಯುವ ದೋಣಿ, ಬಂಡೆಗಳ ಬಳಿ ಸಿಕ್ಕಿಬಿತ್ತು, ಒಳಗಿದ್ದ 9 ಮಂದಿಯನ್ನೂ ನೌಕಾಪಡೆ, ಕೋಸ್ಟ್ ಗಾರ್ಡಿನವರು ಬದುಕಿಸಿ ತಂದರು. ಅಂದು ಹೆಲಿಕಾಪ್ಟರ್ ನೋಡಿದವರು ನಿಮ್ಮಲ್ಲೂ ಇರಬಹುದು. ಅಲ್ಲಿ ಚುಕ್ಕಿ ಗೊತ್ತಿತ್ತು. ಅದಕ್ಕೇ ಮೀನುಗಾರರ ಸಭೆಗಳಲ್ಲಿ ನಾನು ಗೋಗರೆಯುವುದು, ಬೋಟಿನಲ್ಲಿ ಜಾಗ ತಿಳಿಸುವ ಸಾಧನವನ್ನು ಯಾವ ಕಾರಣಕ್ಕೂ ಆರಿಸಬೇಡಿ. ಮೀನಿನ ಜಾಗ ಪಕ್ಕದವನಿಗೆ ತಿಳಿದರೆ ತಿಳಿಯಲಿ.

ಐಎಲ್-38 ನಲವತ್ತಾರು ವರ್ಷ ದುಡಿದು 2023ರ ಅಕ್ಟೋಬರ್ 31ರಂದು ನಿವೃತ್ತವಾಯಿತು. ನನಗೆ ಗೋವಾಕ್ಕೆ ಹೋಗಲಾಗಲಿಲ್ಲ, ಮಗಳು ಫೋನಿನಲ್ಲಿ ವಿಡಿಯೋ ತೋರಿಸಿದಳು. ಈಗ 2013ರಿಂದ ಬಂದ ಪಿ-8ಐ ಕಾವಲು ವಿಮಾನ ಇದೆ, ಜೆಟ್ ಎಂಜಿನ್, ಒಳಗೆ ತಂಪು. ಅವುಗಳಲ್ಲಿ ಹಾರುವ ಹುಡುಗರ, ಹುಡುಗಿಯರ ಬಗ್ಗೆ ನನಗೆ ಹೆಮ್ಮೆ ಇದೆ. ಅವರ ಯಂತ್ರ ತಾನೇ ಎಲ್ಲವನ್ನೂ ದಾಖಲಿಸುತ್ತದೆ. ನಮ್ಮದು ಪೆನ್ಸಿಲಿನ ಕಾಲ. ಪಡೆಯ ದಾಖಲೆಗಳು ಪಡೆಯಲ್ಲಿ ಉಳಿದವು, ಮನೆಗೆ ಬಂದದ್ದು ಹಾರಾಟದ ಗಂಟೆಗಳ ಲಾಗ್ ಪುಸ್ತಕ ಮತ್ತು ನೆನಪು. ಲಾಗ್ ಪುಸ್ತಕ ಗೆದ್ದಲಿಗೆ ಹೋದ ಮನೆಗಳನ್ನು ನೋಡಿದ್ದೇನೆ. ನಿಮ್ಮ ಅಟ್ಟದಲ್ಲಿ, ಟ್ರಂಕಿನಲ್ಲಿ ಇದ್ದರೆ ಫೋಟೋ ತೆಗೆದು ಇಟ್ಟುಕೊಳ್ಳಿ, ಪ್ರತಿ ಪುಟವನ್ನೂ.

ನಾಳೆ ಬೆಳಿಗ್ಗೆ ಕಟಪಾಡಿ ಹತ್ತಿರದ ಒಬ್ಬರ ಮನೆಗೆ ಹೋಗುವವನಿದ್ದೇನೆ. ಸೂಪರ್ ಕಾನ್‌ಸ್ಟಲೇಶನ್ನಿನಲ್ಲೂ ಐಎಲ್-38ರಲ್ಲೂ ಹಾರಿದವರು. ಕಿವಿ ಪೂರ್ತಿ ಹೋಗಿದೆ, ಹಾಗಾಗಿ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಂಡಿದ್ದೇನೆ. ಹತ್ತು ಗಂಟೆಯೊಳಗೆ ಬನ್ನಿ, ಆಮೇಲೆ ಅಪ್ಪನಿಗೆ ಆಯಾಸವಾಗುತ್ತದೆ ಎಂದು ಅವರ ಮಗಳು ಹೇಳಿದ್ದಾರೆ. ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ಹಂಸದಲ್ಲಿ ಇದ್ದವರಿದ್ದರೆ ನನ್ನ ಜೊತೆ ಬನ್ನಿ. ಪರಿಚಯದ ಮುಖ ಕಂಡರೆ ಅವರಿಗೆ ಮಾತು ಬೇಗ ಬರುತ್ತದೆ.